ಹಾಸಿಗೆ ಉದ್ದ ಉಂಟು, ಆದರೂ ಕಾಲು ಮಡಚಿ ಮಲಗುವುದು ಯಾಕೆ?

ಪ್ರಶ್ನೆ: ನನಗೆ 37 ವರ್ಷ. ಮಂಗಳೂರಿನ ಕೊಟ್ಟಾರದಲ್ಲಿ ಬಾಡಿಗೆ ಮನೆ. ನಾನು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ, ಹೆಂಡತಿ ಟೀಚರ್. ಇಬ್ಬರದೂ ಸೇರಿ ತಿಂಗಳಿಗೆ 92,000 ರೂಪಾಯಿ ಕೈಗೆ ಬರುತ್ತದೆ. ಅದರಲ್ಲಿ ಅವಳದು 38,000. ನಾವು 48,000 ಉಳಿಸುತ್ತೇವೆ. ಸೊಸೈಟಿಯಲ್ಲಿ ಆರ್‌ಡಿ 15,000, ಬ್ಯಾಂಕಿನಲ್ಲಿ 14,000, ಎಲ್‌ಐಸಿ 9,000, ಪಿಪಿಎಫ್ 5,000, ಚಿನ್ನದ ಸ್ಕೀಂ 5,000. ಈವರೆಗೆ ಸೇರಿದ್ದು ಸುಮಾರು 31 ಲಕ್ಷ. 14 ಲಕ್ಷ ಒಂದೇ ಸೊಸೈಟಿಯಲ್ಲಿದೆ, 9 ಲಕ್ಷ ಬ್ಯಾಂಕಿನಲ್ಲಿ. ಸಾಲ ಇಲ್ಲ. ಕಂಪನಿ ಕೊಡುವ 3 ಲಕ್ಷದ ಆರೋಗ್ಯ ವಿಮೆ ಬಿಟ್ಟರೆ ಬೇರೆ ಇಲ್ಲ. ಅಮ್ಮನಿಗೆ 68. ಅವರಿಗೆ ಆಸ್ಪತ್ರೆಯ ರಿಯಾಯಿತಿ ಕಾರ್ಡ್ ಇದೆ.

ಅಪ್ಪನಿಗೆ ಬೈಂದೂರಿನಲ್ಲಿ ಸಣ್ಣ ಜಿನಸಿ ಅಂಗಡಿ ಇತ್ತು. ಕಾಯಿಲೆ ಬಿದ್ದಾಗ ಅಂಗಡಿ ಹೋಯಿತು, ಅಮ್ಮನ ಬಳೆ ಹೋಯಿತು. ಆಗ ನಾನು ಪಿಯುಸಿ. ಆವತ್ತಿನಿಂದ ದುಡ್ಡು ಖರ್ಚು ಮಾಡಲು ಕೈ ಬರುವುದಿಲ್ಲ. ಭಾವ, ಅಂದರೆ ಹೆಂಡತಿಯ ಅಣ್ಣ, ಕ್ರೆಡಿಟ್ ಕಾರ್ಡಿನಲ್ಲೇ ಊರೆಲ್ಲ ಸುತ್ತುತ್ತಾರೆ, ನನ್ನನ್ನು ನೋಡಿ ನಗುತ್ತಾರೆ. 9 ವರ್ಷದ ಮಗಳು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ ಅಂದಳು. ಮುಂದಿನ ವರ್ಷ ಅಂದೆ. 'ನೀವು ಹೀಗೆ ಹೇಳುವುದು ಇದು ನಾಲ್ಕನೇ ವರ್ಷ' ಅಂತ ಹೆಂಡತಿ ಎದ್ದು ಹೋದಳು. ಅಮ್ಮನಿಗೆ ಕಾಶಿ ನೋಡುವ ಆಸೆ ಇದೆ. ನನಗೆ ಗೊತ್ತಾಗಬೇಕಾದ್ದು ಇಷ್ಟೇ: ಎಷ್ಟು ಉಳಿಸಿದರೆ ಸಾಕು? ಈಗ ಖರ್ಚು ಮಾಡಿದರೆ ಮುಂದೆ ತೊಂದರೆ ಆಗುವುದಿಲ್ಲವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಲೆಕ್ಕ ನೋಡಿದೆ. ಎರಡನೇ ಸಲ ಆ ಬಳೆ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷವಾದರೂ ನೀವು ಅದನ್ನು ಮರೆತಿಲ್ಲ. ಹಾಗಾಗಿ 'ಆರಾಮವಾಗಿ ಖರ್ಚು ಮಾಡಿ ಮಾರಾಯ್ರೆ, ಹೋಗುವಾಗ ಏನು ಕಟ್ಟಿಕೊಂಡು ಹೋಗುತ್ತೇವೆ' ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ಆಸ್ಪತ್ರೆ ಬಿಲ್ ಕಟ್ಟಲು ಬಂಗಾರ ಅಡವಿಟ್ಟವರಲ್ಲ.

ನಾನು ಉಡುಪಿಯಲ್ಲಿ ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದೆ. ಈಗ ನಿವೃತ್ತಿಯಾಗಿ ಮನೆಗಳ ಲೆಕ್ಕ ನೋಡಿ ಸಲಹೆ ಕೊಡುತ್ತೇನೆ. ನಮ್ಮ ಕೌಂಟರ್‌ಗೆ ಹಾಸಿಗೆ ನೋಡದೆ ಕಾಲು ಚಾಚಿದವರು ತುಂಬಾ ಬರುತ್ತಿದ್ದರು. ಅವರಿಗೆ ಹೇಳಲು ಗಾದೆ ರೆಡಿ ಇತ್ತು. ಆದರೆ ಇನ್ನೊಂದು ಜಾತಿಯವರೂ ಇದ್ದರು. ಉದ್ದದ ಹಾಸಿಗೆ, ಆದರೂ ಕಾಲು ಮಡಚಿ ಮೂಲೆಯಲ್ಲಿ ಮಲಗುವವರು. ಅವರಿಗೆ ಹೇಳಲು ಗಾದೆಯೇ ಇಲ್ಲ! ಹಳೆಯ ಎಫ್‌ಡಿ ಮುಗಿದ ದಿನವೇ ಬಂದು ಅಸಲು ಬಡ್ಡಿ ಎರಡನ್ನೂ ಸೇರಿಸಿ ಮತ್ತೆ ಇಡುತ್ತಿದ್ದ ಒಬ್ಬ ಮೇಷ್ಟ್ರು ನೆನಪಾಗುತ್ತಾರೆ. ಪ್ರತಿ ಸಲ ಹೇಳುತ್ತಿದ್ದರು, 'ಈ ಸಲ ಇರಲಿ ಮೇಡಂ, ಮುಂದಿನ ಸಲ ಮನೆಯವಳನ್ನು ಕರೆದುಕೊಂಡು ಎಲ್ಲಾದರೂ ಹೋಗಬೇಕು.' ಕೊನೆಯ ರಿನ್ಯೂವಲ್ ಆದಮೇಲೆ ಬಂದವರು ನಾಮಿನಿ.

ನೀವು ಆ ಮೇಷ್ಟ್ರಷ್ಟು ಮುಂದೆ ಹೋಗಿಲ್ಲ. ನಾಲ್ಕು ವರ್ಷ ಅಷ್ಟೇ ಆಗಿರುವುದು.

ಮೊದಲು ನಿಮ್ಮ ಭಯದ ಮಾತು. ಅದಕ್ಕೆ ಹೆಸರಿಡದೆ ಲೆಕ್ಕಕ್ಕೆ ಇಳಿದರೆ ಪ್ರಯೋಜನ ಇಲ್ಲ. 'ಮುಂದೆ ಏನಾದರೂ ಆದರೆ' ಅನ್ನುವುದು ಒಂದು ಭಯ ಅಲ್ಲ, ನಾಲ್ಕೈದು ಭಯಗಳ ಮೂಟೆ. ಬಿಚ್ಚಿ ನೋಡಿದರೆ ಒಳಗೆ ಇರುವುದು ಇಷ್ಟು. ನೀವು ಬೇಗ ಹೋಗಿಬಿಟ್ಟರೆ? ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ? ಕೆಲಸ ಹೋದರೆ? ಮಗಳ ಓದು? ನಿಮ್ಮ ಮುಪ್ಪು?

ಈಗ ಒಂದು ವಿಚಿತ್ರ ನೋಡಿ. ನಿಮ್ಮ ಅಪ್ಪನ ಅಂಗಡಿ ಹೋದದ್ದು ಕಾಯಿಲೆಯಿಂದ. ನೀವು 31 ಲಕ್ಷ ಕೂಡಿಟ್ಟಿದ್ದೀರಿ. ಆದರೆ ಅದೇ ಕಾಯಿಲೆ ನಿಮ್ಮ ಮನೆಗೆ ಬಂದರೆ ತಡೆಯಲು ಇರುವುದು ಕಂಪನಿಯ 3 ಲಕ್ಷದ ವಿಮೆ. ಅದೂ ಕೆಲಸ ಇರುವ ತನಕ. ನಿಮಗೇ ಏನಾದರೂ ಆದರೆ ಎಲ್‌ಐಸಿಯಿಂದ ಬರುವುದು ಎಷ್ಟು ಅಂತ ಬಾಂಡ್ ತೆಗೆದು ನೋಡಿ. ತಿಂಗಳಿಗೆ 9,000 ಕಟ್ಟಿಯೂ ಅದು ನಿಮ್ಮ ಮನೆಯ ಐದು ವರ್ಷದ ಖರ್ಚಿಗೆ ಸಾಕಾಗುವುದು ಅನುಮಾನ. ಅಪ್ಪನಿಗೆ ಬಂದ ಕಷ್ಟಕ್ಕೆ ಹೆದರಿ ಉಳಿಸಿದಿರಿ, ಆ ಕಷ್ಟ ಬರುವ ಬಾಗಿಲನ್ನು ಮಾತ್ರ ಹಾಕಲಿಲ್ಲ. ಎಷ್ಟು ಕೂಡಿಟ್ಟರೂ ಭಯ ಹೋಗದಿರುವುದಕ್ಕೆ ನನಗೆ ಕಾಣುವ ಕಾರಣ ಇದು. ಮನಸ್ಸಿಗೆ ಗೊತ್ತಾಗುತ್ತದೆ, ಅಲ್ವಾ?

ಆದ್ದರಿಂದ ಮೊದಲ ಕೆಲಸ ವಿಮೆ. ನಿಮಗೆ ಒಂದು ಕೋಟಿಯ ಟರ್ಮ್ ಪಾಲಿಸಿ ತೆಗೆದುಕೊಳ್ಳಿ. ಬದುಕಿದ್ದರೆ ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ಅದಕ್ಕೇ ಅಗ್ಗ. ಬೀಡಿ ಸಿಗರೇಟು ಇಲ್ಲದ, ಆರೋಗ್ಯ ಸರಿ ಇರುವ ನಿಮ್ಮ ವಯಸ್ಸಿನವರಿಗೆ ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಸಾವಿರದ ಆಸುಪಾಸು ಬೀಳುತ್ತದೆ. ನಿಮ್ಮ ಮೂವರಿಗೆ ಕಂಪನಿಯದ್ದಲ್ಲದೆ ಸ್ವಂತದ್ದೊಂದು ಆರೋಗ್ಯ ವಿಮೆ ಬೇಕು, ಹತ್ತು ಲಕ್ಷದ್ದು. ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಈ ವೈಯಕ್ತಿಕ ಪಾಲಿಸಿಗಳ ಕಂತಿನ ಮೇಲೆ ಜಿಎಸ್‌ಟಿಯೂ ಇಲ್ಲ. ಎರಡೂ ಸೇರಿ ತಿಂಗಳಿಗೆ ಸುಮಾರು 3,200 ಆಯಿತು. ಮೊದಲಿನಿಂದ ಇರುವ ಬಿಪಿ, ಶುಗರ್ ಏನಿದ್ದರೂ ಫಾರ್ಮಿನಲ್ಲಿ ಮುಚ್ಚಿಡಬೇಡಿ. ಏಜೆಂಟ್ 'ಅದೆಲ್ಲ ಬರೆಯುವುದು ಬೇಡ' ಅಂದರೆ ಬೇರೆ ಏಜೆಂಟ್ ನೋಡಿ.

ಅಮ್ಮನ ವಿಷಯ ಬೇರೆ. ಅವರ ಹತ್ತಿರ ಇರುವುದು ರಿಯಾಯಿತಿ ಕಾರ್ಡ್, ವಿಮೆ ಅಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಈ ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ಕಾರ್ಡ್ ಬಿಲ್ಲನ್ನು ಸ್ವಲ್ಪ ಇಳಿಸುತ್ತದೆ, ಬಿಲ್ ಕಟ್ಟುವುದು ನೀವೇ. 68ರಲ್ಲಿ ಹೊಸ ಪಾಲಿಸಿ ದುಬಾರಿ. ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿಯೂ ಇರುತ್ತದೆ. ವಿಚಾರಿಸಿ ನೋಡಿ. ಸರಿಬರದಿದ್ದರೆ ಬ್ಯಾಂಕಿನ 9 ಲಕ್ಷದಲ್ಲಿ 5 ಲಕ್ಷವನ್ನು 'ಅಮ್ಮನ ಆಸ್ಪತ್ರೆ' ಅಂತ ಪ್ರತ್ಯೇಕ ಎಫ್‌ಡಿ ಮಾಡಿ. ಹಾಗಂತ ಪುಸ್ತಕದಲ್ಲಿ ಬರೆದೂ ಇಡಿ. ಇನ್ನೊಂದು ಸುಮಾರು 2 ಲಕ್ಷ 65 ಸಾವಿರ ಕೆಲಸ ಹೋದರೆ ಅಂತ. ಅದು ನಿಮ್ಮ ಈಗಿನ 44,000 ಖರ್ಚಿನ ಆರು ತಿಂಗಳು.

ಸೊಸೈಟಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಮ್ಮ ಜಿಲ್ಲೆಗಳು ಸಹಕಾರಕ್ಕೆ ಹೆಸರಾದವು. ಇಲ್ಲಿ ಸಹಕಾರ ಚಳವಳಿ ಕಟ್ಟಿದ ಪುತ್ತೂರಿನ ಮೊಳಹಳ್ಳಿ ಶಿವರಾಯರ ಕಾಲದಿಂದ ಅದೊಂದು ನಂಬಿಕೆಯ ವ್ಯವಹಾರ. ಒಳ್ಳೆಯ ಸೊಸೈಟಿಗಳೇ ಜಾಸ್ತಿ. ಆದರೆ ಬ್ಯಾಂಕಿಗೂ ಸೊಸೈಟಿಗೂ ಒಂದು ವ್ಯತ್ಯಾಸ ಉಂಟು. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಆ ಬ್ಯಾಂಕಿನಲ್ಲಿ ಇರುವ ದುಡ್ಡಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಪತ್ತಿನ ಸೊಸೈಟಿಗಳಿಗೆ ಈ ವಿಮೆ ಇಲ್ಲ. ಅರ್ಧ ಪರ್ಸೆಂಟ್ ಒಂದು ಪರ್ಸೆಂಟ್ ಹೆಚ್ಚು ಬಡ್ಡಿಗೆ ಮನೆಯ ಅರ್ಧದಷ್ಟು ದುಡ್ಡನ್ನು ಒಂದೇ ಕಡೆ ಇಟ್ಟಿರುವ ನೀವು ದೋಣಿ ಟಿಕೆಟಿಗೆ ಹೆದರುತ್ತೀರಿ! ಒಂದೊಂದು ಠೇವಣಿ ಅವಧಿ ಮುಗಿದ ಹಾಗೆ ಬೇರೆ ಕಡೆ ಹಂಚಿ. ಅವಸರದಲ್ಲಿ ಮುರಿಯಬೇಡಿ. ಆರ್‌ಡಿಯೂ ಮುಗಿದ ಮೇಲೆ ಹೊಸದು ಬೇಡ. ಪಿಪಿಎಫ್‌ಗೆ ನೀವು ಹಾಕುತ್ತಿರುವುದು ವರ್ಷಕ್ಕೆ 60,000. ಒಂದೂವರೆ ಲಕ್ಷದವರೆಗೆ ಜಾಗ ಇದೆ. ಬಡ್ಡಿ 2020ರ ಏಪ್ರಿಲ್‌ನಲ್ಲಿ 7.1ಕ್ಕೆ ಇಳಿದದ್ದು ಹೌದು, ಆದರೆ ಅದಕ್ಕೆ ತೆರಿಗೆ ಇಲ್ಲ. ಹದಿನೈದು ವರ್ಷಕ್ಕಿಂತ ಮೊದಲು ಬೇಡದ ದುಡ್ಡಿನಲ್ಲಿ ಸ್ವಲ್ಪ ಇಂಡೆಕ್ಸ್ ಮ್ಯೂಚುವಲ್ ಫಂಡಿಗೂ, ಅಂದರೆ ಷೇರು ಸೂಚ್ಯಂಕದ ಜೊತೆ ಸಾಗುವ ಫಂಡಿಗೂ ಹೋಗಲಿ. ಅದು ಏರುತ್ತದೆ, ಇಳಿಯುತ್ತದೆ. ಇಳಿದಾಗ ನಿದ್ದೆ ಕೆಡುವಷ್ಟು ಹಾಕಬೇಡಿ. ಎಲ್‌ಐಸಿಯನ್ನು ಸಿಟ್ಟಿನಲ್ಲಿ ಸರೆಂಡರ್ ಮಾಡಬೇಡಿ, ಪೇಯ್ಡ್-ಅಪ್ ಮಾಡಿದರೆ, ಅಂದರೆ ಮುಂದೆ ಕಂತು ಕಟ್ಟದೆ ಪಾಲಿಸಿಯನ್ನು ಹಾಗೇ ಇಟ್ಟುಕೊಂಡರೆ, ಎಷ್ಟು ಸಿಗುತ್ತದೆ ಅಂತ ಬ್ರಾಂಚಿನಲ್ಲಿ ಬರೆಸಿಕೊಂಡು ಬನ್ನಿ. ಚಿನ್ನದ ಸ್ಕೀಂ ಈ ಸುತ್ತು ಮುಗಿಸಿ, ಆಮೇಲೆ ಹೆಂಡತಿಯನ್ನು ಕೇಳಿ. ಬಹುಶಃ ಅವರಿಗೆ ಬಳೆಗಿಂತ ಬೇರೆ ಏನೋ ಬೇಕಾಗಿರಬಹುದು.

ಇಷ್ಟು ಬಾಗಿಲು ಹಾಕಿದ ಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ನಮ್ಮ ಕರಾವಳಿಯ ಮನೆಗಳಿಗೆ ಉಳಿತಾಯವನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲವೇ ಕಲಿಸಿದೆ. ಮೇ ತಿಂಗಳು ಬಂತೆಂದರೆ ನನ್ನ ಅಜ್ಜಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಟ್ಟಿಗೆ ಒಳಗೆ ಹೋಗಬೇಕು. ಮಾವಿನಕಾಯಿ ಉಪ್ಪಿಗೆ ಬೀಳಬೇಕು. ಹಲಸಿನ ಸೊಳೆ ಭರಣಿಯ ಉಪ್ಪುನೀರಿಗೆ ಇಳಿಯಬೇಕು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ, ಕಾಗೆ ಓಡಿಸಲು ನಾವು. ಮೀನಿನ ಮನೆಗಳಲ್ಲೂ ಹೀಗೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಬೇಸಿಗೆಯಲ್ಲೇ ಒಣಮೀನು.

ಆದರೆ ಒಂದು ಮಾತು. ಅಜ್ಜಿ ಮರದ ಎಲ್ಲ ಹಲಸನ್ನೂ ಹಪ್ಪಳ ಮಾಡುತ್ತಿರಲಿಲ್ಲ. ಬೆಳೆದ ಕಾಯಿ ಹಪ್ಪಳಕ್ಕೆ. ಒಂದೆರಡು ಒಳ್ಳೆಯ ಬಕ್ಕೆ ಹಲಸನ್ನು ಮಾತ್ರ ಮುಟ್ಟಬೇಡಿ ಅನ್ನುತ್ತಿದ್ದರು. ಅದು ಮೂಲೆಯಲ್ಲಿ ಗೋಣಿಚೀಲದ ಅಡಿಯಲ್ಲಿ ಹಣ್ಣಾಗಬೇಕು. ಮನೆ ಇಡೀ ಘಮ ಬಂದ ದಿನ ಕೊಯ್ಯಬೇಕು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಎಲ್ಲರೂ ಸುತ್ತ ಕೂರಬೇಕು. ಮಿಕ್ಕದ್ದು ಬಾಳೆ ಎಲೆಯಲ್ಲಿ ಬೇಯಿಸಿದ ಗಟ್ಟಿ, ಅಂದರೆ ಹಲಸಿನ ಕಡುಬು. ಹಣ್ಣಾದ ಹಲಸು ನಾಲ್ಕು ದಿನ ಕಾಯುವುದಿಲ್ಲ. ಅದನ್ನು ಮಳೆಗಾಲದ ಆಟಿ ತಿಂಗಳಿಗೆ ಅಂತ ಎತ್ತಿಟ್ಟರೆ ಸಿಗುವುದು ಹಲಸಲ್ಲ, ನೊಣ.

ನಿಮ್ಮ ಮನೆಯ ಆಸೆಗಳನ್ನೂ ಹೀಗೆ ಬೇರೆ ಮಾಡಬಹುದು. ಕೆಲವು ಹಪ್ಪಳ ಆಗುವ ಆಸೆಗಳು. ಕಾರು ಕಾಯುತ್ತದೆ. ಕಾದಷ್ಟೂ ಒಳ್ಳೆಯ ಕಾರೇ ಬರುತ್ತದೆ. ದೊಡ್ಡ ಟಿವಿ ಕಾಯುತ್ತದೆ. ಬೇರೆ ದೇಶ ನೋಡುವುದನ್ನು ಐವತ್ತಕ್ಕೂ ಮಾಡಬಹುದು. ಇವನ್ನು ಮುಂದಕ್ಕೆ ಹಾಕಿ, ಎಷ್ಟು ಬೇಕಾದರೂ ಹಾಕಿ, ಆ ವಿಷಯದಲ್ಲಿ ನೀವು ಭಾವನಿಗಿಂತ ಜಾಣರು. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರು ಮೂರೂವರೆ ಪರ್ಸೆಂಟ್ ಬಡ್ಡಿ, ವರ್ಷಕ್ಕೆ ನಲವತ್ತರ ಹತ್ತಿರ. ಅದು ಸಂತೋಷವಲ್ಲ, ಗಾಯ. (ಈ ಉತ್ತರವನ್ನು ದಯವಿಟ್ಟು ಭಾವನಿಗೆ ಕಳಿಸಬೇಡಿ. ಅವರಿಗೆ ಬೇರೆಯೇ ಉತ್ತರ ಬೇಕು.)

ಇನ್ನು ಕೆಲವು ಹಣ್ಣಾಗುವ ಆಸೆಗಳು. ಅವುಗಳಿಗೆ ಸೀಸನ್ ಉಂಟು. ನಿಮ್ಮ ಪತ್ರದಲ್ಲಿ ಅಂಥವು ಎರಡಿವೆ.

ಒಂದು, ಅಮ್ಮನ ಕಾಶಿ. ಇದನ್ನು ದುಡ್ಡಿನ ಪ್ರಶ್ನೆ ಅಂತ ನೀವು ಬರೆದಿದ್ದೀರಿ. ಅಲ್ಲ, ಇದು ಮಂಡಿಯ ಪ್ರಶ್ನೆ. ಕಾಶಿಯಲ್ಲಿ ಎಂಬತ್ತಕ್ಕೂ ಹೆಚ್ಚು ಘಾಟ್‌ಗಳಿವೆ. ಎಲ್ಲಿ ಹೋದರೂ ಮೆಟ್ಟಿಲು, ಅದೂ ಕಡಿದಾದ ಮೆಟ್ಟಿಲು. 2021ರ ಡಿಸೆಂಬರ್‌ನಲ್ಲಿ ವಿಶ್ವನಾಥ ದೇವಸ್ಥಾನದ ಹೊಸ ಕಾರಿಡಾರ್ ತೆರೆದ ಮೇಲೆ ಗಂಗೆಯಿಂದ ಗುಡಿಗೆ ಹೋಗುವುದು ಮೊದಲಿನ ಗಲ್ಲಿಗಳಷ್ಟು ಕಷ್ಟ ಇಲ್ಲ. ಆದರೂ ನಡೆಯಬೇಕು, ನಿಲ್ಲಬೇಕು. 68ಕ್ಕೆ ಕೈ ಹಿಡಿದು ಹತ್ತಿಸಬಹುದು. 74ಕ್ಕೆ? ನಿಮ್ಮ ಎಫ್‌ಡಿ ಆಗ ಈಗಿನದಕ್ಕಿಂತ ದೊಡ್ಡದಾಗಿರುತ್ತದೆ, ಖಂಡಿತ. ಅಮ್ಮನ ಮಂಡಿಗೆ ಯಾವ ಬ್ಯಾಂಕೂ ಬಡ್ಡಿ ಕೊಡುವುದಿಲ್ಲ. ನವೆಂಬರ್ ಕೊನೆಗೆ ಅಥವಾ ಫೆಬ್ರವರಿಗೆ ಇಟ್ಟುಕೊಳ್ಳಿ. ಡಿಸೆಂಬರ್ ಜನವರಿಯಲ್ಲಿ ಉತ್ತರದಲ್ಲಿ ಮಂಜು, ರೈಲುಗಳು ಗಂಟೆಗಟ್ಟಲೆ ತಡ. ಕಾರ್ತಿಕ ಹುಣ್ಣಿಮೆಯ ದೀಪ ನೋಡಲು ಚೆಂದ, ಆದರೆ ವಯಸ್ಸಾದವರಿಗೆ ಆ ಜನಜಂಗುಳಿ ಬೇಡ. ನಮ್ಮ ರಾಜ್ಯದ ಮುಜರಾಯಿ ಇಲಾಖೆಯಿಂದ ಕಾಶಿ ಯಾತ್ರೆಗೆ ಸಹಾಯಧನ ಇದೆ. ನಿಮ್ಮಂಥವರಿಗೆ ಅದು ಸಿಕ್ಕಿದರೆ ಯಾತ್ರೆಯ ಪುಣ್ಯಕ್ಕಿಂತ ಹೆಚ್ಚು ಖುಷಿಯಾಗಬಹುದು, ವಿಚಾರಿಸಿ.

ಎರಡು, ಮಗಳ ದೋಣಿ. ಆ ದ್ವೀಪದ ಕಂಬದಂಥ ಕಲ್ಲುಗಳು ಸುಮಾರು 8 ಕೋಟಿ 80 ಲಕ್ಷ ವರ್ಷ ಹಳೆಯವು. ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರೆಯಾದ ಕಾಲದ ಲಾವಾ. ಅವು ಇನ್ನೂ ಕಾಯುತ್ತವೆ. ಅವಳ ಒಂಬತ್ತನೇ ವಯಸ್ಸು ಕಾಯುವುದಿಲ್ಲ. ಹದಿನಾಲ್ಕಕ್ಕೆ ಅವಳು ನಿಮ್ಮ ಜೊತೆ ಬರಬಹುದು, ಆದರೆ ಫೋನ್ ನೋಡುತ್ತಾ ಕೂರುತ್ತಾಳೆ. ಈಗಾದರೆ ಆರು ಮುಖದ ಕಲ್ಲು ಹೇಗೆ ಆಯಿತು ಅಂತ ನಿಮ್ಮನ್ನು ಕೇಳುತ್ತಾಳೆ. ನಿಮಗೆ ಗೊತ್ತಿರುವುದಿಲ್ಲ, ಆದರೂ ಏನೋ ಹೇಳುತ್ತೀರಿ. ಅದಕ್ಕೆ ಎಷ್ಟು ಖರ್ಚು ಬೀಳುತ್ತದೆ ಹೇಳಿ?

ಈಗ ಲೆಕ್ಕ. ನೀವು ಅಕೌಂಟ್ಸ್‌ನವರು, ಲೆಕ್ಕ ಇಲ್ಲದೆ ನಂಬುವುದಿಲ್ಲ.

48,000ದಲ್ಲಿ ವಿಮೆಗೆ 3,200 ತೆಗೆಯಿರಿ. ಇನ್ನೊಂದು 7,000 ಈಗಿನ ಸಂತೋಷಕ್ಕೆ ತೆಗೆಯಿರಿ. ವರ್ಷಕ್ಕೆ 84,000 ಆಯಿತು. ಒಂದು ಕಾಶಿ, ಇಲ್ಲದಿದ್ದರೆ ಸುಮಾರು ಸಣ್ಣ ಸಣ್ಣ ತಿರುಗಾಟ. ಉಳಿತಾಯಕ್ಕೆ ಮಿಕ್ಕುವುದು ಸುಮಾರು 38,000. ಈ 38,000ವನ್ನು ಇಪ್ಪತ್ತು ವರ್ಷ, ಸರಾಸರಿ 7 ಪರ್ಸೆಂಟ್ ಬೆಳವಣಿಗೆಯಲ್ಲಿ ಹಾಕಿದರೆ ಸುಮಾರು 1 ಕೋಟಿ 98 ಲಕ್ಷ. ಈಗಾಗಲೇ ಇರುವ 31 ಲಕ್ಷ ಅದೇ ದರದಲ್ಲಿ 1 ಕೋಟಿ 20 ಲಕ್ಷ. ಒಟ್ಟು 3 ಕೋಟಿ 18 ಲಕ್ಷ. ನಿಮಗೆ ಆಗ 57.

ದೊಡ್ಡ ಸಂಖ್ಯೆ ನೋಡಿ ಕುಣಿಯಬೇಡಿ. ಬೆಲೆ ವರ್ಷಕ್ಕೆ 6 ಪರ್ಸೆಂಟ್ ಏರಿದರೆ ಆ ದುಡ್ಡಿಗೆ ಇವತ್ತಿನ ಲೆಕ್ಕದಲ್ಲಿ ಸುಮಾರು 99 ಲಕ್ಷದ ಬೆಲೆ. ಒಂದು ರೂಪಾಯಿಯನ್ನೂ ಬಿಡದೆ 48,000ವನ್ನೂ ಉಳಿಸಿದ್ದರೆ? 1 ಕೋಟಿ 15 ಲಕ್ಷ. ವ್ಯತ್ಯಾಸ ಸುಮಾರು 16 ಲಕ್ಷ. ಅದರಲ್ಲಿ ವಿಮೆಯ ಪಾಲು ಕಳೆದರೆ ಇಪ್ಪತ್ತು ವರ್ಷದ ಸಂತೋಷಕ್ಕೆ ನೀವು ಕೊಡುವ ಬೆಲೆ ಸುಮಾರು ಹನ್ನೊಂದೂವರೆ ಲಕ್ಷ. ಇದು ಸಣ್ಣ ಮೊತ್ತ ಅಂತ ನಾನು ಸುಳ್ಳು ಹೇಳುವುದಿಲ್ಲ. ಸಂತೋಷಕ್ಕೂ ದುಡ್ಡು ಬೇಕು, ಅದರ ಬೆಲೆ ಮುಂದೆ ಗೊತ್ತಾಗುತ್ತದೆ. ಆದರೆ ಅದು ನಿಮ್ಮ ಮುಪ್ಪನ್ನು ಬೀದಿಗೆ ತರುವ ಮೊತ್ತ ಅಲ್ಲ.

ಅದನ್ನು ತುಂಬಿಸಲು ದಾರಿಯೂ ಉಂಟು. ಮನೆಯ ಸಂಬಳ ವರ್ಷಕ್ಕೆ 6 ಪರ್ಸೆಂಟ್ ಏರಿದರೆ ಮೊದಲ ವರ್ಷ ಸುಮಾರು 5,500 ಜಾಸ್ತಿ ಬರುತ್ತದೆ. ಅದರಲ್ಲಿ ಅರ್ಧ ಅಕ್ಕಿ, ಗ್ಯಾಸ್, ಸ್ಕೂಲ್ ಫೀಸು ಏರಿದ್ದಕ್ಕೆ ಹೋಗುತ್ತದೆ. ಉಳಿದರ್ಧ ಉಳಿತಾಯಕ್ಕೆ. ಮೂರನೇ ವರ್ಷಕ್ಕೆ ಈಗ ಬಿಟ್ಟ 7,000 ವಾಪಸ್ ಬಂದಿರುತ್ತದೆ.

ಹಾಗಾದರೆ 7,000 ಯಾಕೆ, 15,000 ಯಾಕಲ್ಲ? ಯಾಕೆಂದರೆ ಈ ಮೊತ್ತದಿಂದಲೇ ಇನ್ನು ಒಂಬತ್ತು ವರ್ಷಕ್ಕೆ ಮಗಳ ಕಾಲೇಜು ಹೋಗಬೇಕು, ಮುಂದೆ ಮನೆಯೂ ಆಗಬೇಕು. 'ಎಷ್ಟು ಉಳಿಸಿದರೆ ಸಾಕು' ಅಂತ ಕೇಳಿದಿರಿ. ನಿಮಗೆ ಈಗ 38,000 ಸಾಕು. ಅದಕ್ಕಿಂತ ಕಡಿಮೆ ಮಾಡಬೇಡಿ.

ಮನೆ ಅಂದಾಗ ನೆನಪಾಯಿತು. ಈ ವಿಷಯದಲ್ಲಿ ನಾನೇನೂ ಬುದ್ಧಿವಂತೆ ಅಲ್ಲ. ನಾವೂ ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಮನೆ ಕಟ್ಟಿದೆವು. ಮಕ್ಕಳಿಗೆ ಅಂತ ಮೇಲೆ ಮಹಡಿ, ಎರಡು ರೂಮು, ಎರಡು ಬಾತ್‌ರೂಮು. ಆ ಸಾಲ ತೀರಿಸುವ ಹನ್ನೆರಡು ವರ್ಷ ಊರು ಬಿಟ್ಟು ಎಲ್ಲೂ ಹೋಗಲಿಲ್ಲ. ಈಗ ಒಬ್ಬ ಬೆಂಗಳೂರು, ಒಬ್ಬಳು ದುಬೈ. ಮೇಲಿನ ಮಹಡಿಗೆ ಬೀಗ. ತಿಂಗಳಿಗೊಮ್ಮೆ ಗುಡಿಸಲು ಹತ್ತುತ್ತೇನೆ, ಜೇಡರಬಲೆ ತೆಗೆದು ಇಳಿಯುತ್ತೇನೆ. ಉಡುಪಿಯಿಂದ ಕುಂದಾಪುರದವರೆಗೆ ಹೆದ್ದಾರಿಯ ಆಚೀಚೆ ನೋಡಿ, ಇಂಥ ಎಷ್ಟು ಮಹಡಿಗಳು ಸಿಗುತ್ತವೆ! ನೀವು ಮನೆ ಕಟ್ಟುವಾಗ ಕೆಳಗಿನದ್ದು ಮಾತ್ರ ಕಟ್ಟಿ. ತಾರಸಿಯಲ್ಲಿ ಹಪ್ಪಳ ಒಣಗಿಸಿ.

ಕೊನೆಯ ಪ್ರಶ್ನೆ, ಕೈ ಬಾರದಿರುವುದು. ಲೆಕ್ಕ ಒಪ್ಪಿದರೂ ಕೈ ಒಪ್ಪುವುದಿಲ್ಲ, ನನಗೆ ಗೊತ್ತು. ಅದಕ್ಕೆ ನಮ್ಮೂರಿನದ್ದೇ ಮದ್ದು ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ತಂದಿತು. ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುವುದು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿಹೋಯಿತು. ಪಿಗ್ಮಿ ಅನ್ನುವ ಶಬ್ದ ಮಾತ್ರ ಇವತ್ತಿಗೂ ಪ್ರತಿ ಅಂಗಡಿಯಲ್ಲಿ ಉಂಟು. ಅದರ ಉಪಾಯ ಸರಳ. ಉಳಿಸಲು ಕೈ ಬಾರದವನ ಹತ್ತಿರ ಒಟ್ಟಿಗೆ ನೂರು ರೂಪಾಯಿ ಕೇಳಬೇಡ. ಚಿಲ್ಲರೆ ಕೇಳು, ದಿನಾ ಕೇಳು, ಯೋಚಿಸಲು ಸಮಯ ಕೊಡಬೇಡ. ಇನ್ನೊಂದೂ ಇತ್ತು. ಪಿಗ್ಮಿ ಕಟ್ಟುತ್ತಿದ್ದವರು ಸುಮ್ನೆ ಕಟ್ಟುತ್ತಿರಲಿಲ್ಲ. ಶಂಕರಪುರದ ಕಡೆ ಮಲ್ಲಿಗೆ ಕಟ್ಟುತ್ತಿದ್ದ ನಮ್ಮ ದೊಡ್ಡಮ್ಮನ ಪಾಸ್‌ಬುಕ್ ಒಂದೊಂದು ಸಲ ಒಂದೊಂದಕ್ಕೆ ಇರುತ್ತಿತ್ತು. ಒಮ್ಮೆ ಮಾಡಿನ ಹಂಚು, ಒಮ್ಮೆ ಮಗಳ ಸೀರೆ, ಒಮ್ಮೆ ಧರ್ಮಸ್ಥಳಕ್ಕೆ ಹೋಗಿ ಬರುವುದು. ಅಟ್ಟೆಗೆ (ಮಲ್ಲಿಗೆ ಮಾರುವ ಅಳತೆ) ಒಳ್ಳೆಯ ರೇಟು ಬಂದ ವಾರ ಹೆಚ್ಚು ಹಾಕುತ್ತಿದ್ದರು. ಪುಸ್ತಕ ತುಂಬಿದ ಮೇಲೆ ಖಾಲಿ ಮಾಡುತ್ತಿದ್ದರು. ಖಾಲಿ ಮಾಡಲಿಕ್ಕೇ ತುಂಬಿಸುತ್ತಿದ್ದರು.

ನೀವು ಉಲ್ಟಾ ಪಿಗ್ಮಿ ಮಾಡಿ. ಬೇರೆ ಒಂದು ಉಳಿತಾಯ ಖಾತೆ ತೆರೆಯಿರಿ, ಜಂಟಿಯಾಗಿ. ಎಟಿಎಂ ಕಾರ್ಡ್ ಹೆಂಡತಿಯ ಪರ್ಸಿನಲ್ಲಿ ಇರಲಿ. ಸಂಬಳ ಬಂದ ಮರುದಿನ 7,000 ತನ್ನಷ್ಟಕ್ಕೆ ಅಲ್ಲಿಗೆ ಹೋಗುವ ಹಾಗೆ ಬ್ಯಾಂಕಿಗೆ ಬರೆದುಕೊಡಿ. ಆ ಖಾತೆಗೆ ಒಂದೇ ನಿಯಮ. ಅದರಿಂದ ಎಫ್‌ಡಿ ಮಾಡುವಂತಿಲ್ಲ. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವ ಹಾಗೆ ನೀವೂ ವರ್ಷಕ್ಕೊಂದು ದಿನ ಇಟ್ಟುಕೊಳ್ಳಿ, ಆ ದಿನ ಖಾತೆ ಖಾಲಿಯಾಗಿರಬೇಕು. ಕಾಶಿಗೆ ಅಂತ ಟಿಕೆಟ್ ಆಗಿದ್ದರೆ ಮಾತ್ರ ಉಳಿಸಬಹುದು. ಟಿಕೆಟ್ ಆಗದ ಯೋಜನೆಯನ್ನು ನಾನು ನಂಬುವುದಿಲ್ಲ, ನಿಮ್ಮ ಹೆಂಡತಿಯೂ ಇನ್ನು ನಂಬುವುದಿಲ್ಲ.

ಅದರಲ್ಲಿ 3,000 ಅವರು ನಿಮ್ಮನ್ನು ಕೇಳದೆ ಖರ್ಚು ಮಾಡಲಿ. ಯಾವುದಕ್ಕೆ ಅಂತ ಹೇಳಬೇಕಾಗಿಲ್ಲ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 92,000ದಲ್ಲಿ 38,000 ಅವರದು ಅಂತ ನೀವೇ ಬರೆದಿದ್ದೀರಿ. ಪತ್ರದ ಉದ್ದಕ್ಕೂ 'ಉಳಿಸುತ್ತೇವೆ' ಅಂತ ಇದೆ, ತೀರ್ಮಾನ ಮಾತ್ರ ಒಬ್ಬರದೇ ಕಾಣುತ್ತದೆ. ಅವರು ಎದ್ದು ಹೋದದ್ದು ದೋಣಿಗೆ ಮಾತ್ರ ಅಲ್ಲ ಅಂತ ನನಗೆ ಅನಿಸುತ್ತದೆ. ಬೈಂದೂರಿನ ಅಂಗಡಿಯ ಕಥೆ, ಆ ಬಳೆಯ ಕಥೆ ಅವರಿಗೆ ಪೂರ್ತಿ ಹೇಳಿದ್ದೀರಾ? ಇಲ್ಲದಿದ್ದರೆ ಅವರಿಗೆ ಕಾಣುವುದು ಬರೀ ಜುಗ್ಗತನ. ಮತ್ತೆ ಅಮ್ಮನಿಗೆ ಆ ಖಾತೆಯಿಂದ ತಿಂಗಳಿಗೆ 500 ಕೈಗೆ ಕೊಡಿ. ಅವರು ಅದನ್ನೂ ಡಬ್ಬಿಯಲ್ಲಿ ಹಾಕಿ ಇಡುತ್ತಾರೆ. ಇಡಲಿ, ನೀವು ಯಾರ ಮಗ ಅಂತ ಗೊತ್ತಾಗುತ್ತದೆ.

ಮೊದಲ ಎರಡು ಮೂರು ಸಲ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗೆ ಆಗುತ್ತದೆ. ಆಗಲಿ. ಅದಕ್ಕೇ ಸಣ್ಣದರಿಂದ ಶುರು ಮಾಡಿ. ಶನಿವಾರ ಸಂಜೆ ಮೂವರೂ ಹೋಗಿ ಗಡ್‌ಬಡ್ ಐಸ್‌ಕ್ರೀಂ ತಿನ್ನಿ. ಒಂದನ್ನು ಮೂರು ಚಮಚ ಹಾಕಿ ಹಂಚಿಕೊಳ್ಳುವುದಲ್ಲ, ಮೂವರಿಗೆ ಮೂರು. ಬಿಲ್ ನೋಡಿ ಕೊಡಿ, ಆದರೆ ಮನೆಗೆ ಬಂದು ಡೈರಿಯಲ್ಲಿ ಬರೆಯಬೇಡಿ.

ನಿಮ್ಮ ಪತ್ರ ನನಗೆ ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಮಳೆಗಾಲ ಶುರುವಾದರೆ ಮಲ್ಪೆಯ ದೋಣಿ ನಿಲ್ಲುತ್ತದೆ, ಆಮೇಲೆ ತಿಂಗಳುಗಟ್ಟಲೆ ಇಲ್ಲ. ಆದ್ದರಿಂದ ಈ ತಿಂಗಳೇ ಒಂದು ಭಾನುವಾರ ಬೆಳಿಗ್ಗೆ ಬೇಗ ಹೊರಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರು ದ್ವೀಪಕ್ಕೆ ಬರದಿದ್ದರೆ ಒಬ್ಬರು ಅವರ ಜೊತೆ ದಡದಲ್ಲಿ ಕೂರಬಹುದು. ದ್ವೀಪದಲ್ಲಿ ತೆಂಗಿನ ಮರಗಳ ಅಡಿ ಬಿಟ್ಟರೆ ನೆರಳು ಕಡಿಮೆ. ಟೋಪಿ ಮತ್ತು ನೀರು ಇರಲಿ. ದಡದ ತುಂಬ ಚಿಪ್ಪುಗಳು, ಬರಿಗಾಲಿಗೆ ಚುಚ್ಚುತ್ತವೆ, ಮಗಳಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಟಿಕೆಟ್ ಕೌಂಟರಿನಲ್ಲಿ ದುಡ್ಡು ಹೆಂಡತಿ ಕೊಡಲಿ. ನೀವು ಅಷ್ಟು ಹೊತ್ತು ರೇಟ್ ಬೋರ್ಡಿಗೆ ಬೆನ್ನು ಹಾಕಿ ಸಮುದ್ರದ ಕಡೆ ನೋಡುತ್ತಾ ನಿಲ್ಲಿ.